ಮನೆಯ ಹಿರಿಯರಿಗೆ ಟ್ಯಾಬ್ ಹೊಂದಿಸಿಕೊಡುವ ಬಗೆ: ವಿಡಿಯೊ ಕರೆ ಮತ್ತು ದಿನನಿತ್ಯದ ಮಾತುಕತೆ

ಸಿಂಧನೂರು ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅವ್ವ ಒಬ್ಬರೇ ಇರುತ್ತಾರೆ. ನಾನು ಕೊಪ್ಪಳದಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿದ್ದಾನೆ, ತಂಗಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಲೆಸಿದ್ದಾಳೆ. ಮೂವರೂ ಸೇರಿ ಅವ್ವನಿಗೆಂದು ಹತ್ತು ಇಂಚಿನ ಟ್ಯಾಬ್ ಒಂದನ್ನು ಕೊಂಡುಕೊಟ್ಟೆವು. ಮೊದಲ ಮೂರು ತಿಂಗಳು ಅದು ಬೀರುವಿನಲ್ಲಿ, ಮಡಿಚಿಟ್ಟ ಇಳಕಲ್ ಸೀರೆಗಳ ನಡುವೆ, ಡಬ್ಬಿಯ ಸಮೇತ ಉಳಿಯಿತು. ಕೇಳಿದಾಗಲೆಲ್ಲ ಅವ್ವ, 'ಕೆಟ್ಟು ಗಿಟ್ಟೀತು ಅಂತ ಮುಟ್ಟಿಲ್ಲಪ್ಪಾ' ಎನ್ನುತ್ತಿದ್ದರು. ತಪ್ಪು ಅವರದಾಗಿರಲಿಲ್ಲ. ನಾವು ಒಂದು ವಸ್ತುವನ್ನು ಕೊಟ್ಟಿದ್ದೆವೇ ಹೊರತು ಆ ಮನೆಯಲ್ಲಿ ಅದು ಎಲ್ಲಿ ಕೂರಬೇಕು, ದಿನದ ಯಾವ ಹೊತ್ತಿನಲ್ಲಿ ಅದರ ಮುಂದೆ ಕುಳಿತುಕೊಳ್ಳಬೇಕು, ಯಾವ ಒಂದು ಗುಂಡಿಯನ್ನು ಒತ್ತಿದರೆ ಸಾಕು ಎಂಬುದನ್ನು ಯೋಚಿಸಿರಲಿಲ್ಲ. ಆಮೇಲೆ ನಾನು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ, ಜಾಗದಿಂದ ಆರಂಭಿಸಿ ಎಲ್ಲವನ್ನೂ ಹೊಸದಾಗಿ ಹೊಂದಿಸಿದೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗ

ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು ಮಣ್ಣಿನ ಗೋಡೆಗಳು ಬಹಳ ದಪ್ಪವಾಗಿರುತ್ತವೆ, ಕಿಟಕಿಗಳು ಕಡಿಮೆ, ಬೆಳಕು ಬರುವುದು ಹೆಚ್ಚಾಗಿ ಮಾಳಿಗೆಯ ಬೆಳಕಿಂಡಿಯಿಂದ. ಬೇಸಿಗೆಯಲ್ಲಿ ಒಳಗೆ ತಂಪಾಗಿರಿಸುವ ಅದೇ ಗೋಡೆಗಳು ಮೊಬೈಲ್ ಸಿಗ್ನಲ್ ಅನ್ನೂ ಹೊರಗೇ ತಡೆದುಬಿಡುತ್ತವೆ. ಆದ್ದರಿಂದ ಟ್ಯಾಬ್ ಇಡುವ ಜಾಗವನ್ನು ನಿರ್ಧರಿಸುವ ಮೊದಲು ಪಡಸಾಲೆ, ಅಡುಗೆಮನೆಯ ಬಾಗಿಲು, ಒಳಕೋಣೆ ಹೀಗೆ ಮೂರು ನಾಲ್ಕು ಕಡೆ ಕುಳಿತು ಐದೈದು ನಿಮಿಷ ನಿಜವಾದ ವಿಡಿಯೊ ಕರೆ ಮಾಡಿ ನೋಡಬೇಕು. ಪರದೆಯ ಮೂಲೆಯಲ್ಲಿ ಕಾಣುವ ಸಿಗ್ನಲ್ ಗೆರೆಗಳನ್ನು ನಂಬಬಾರದು, ಏಕೆಂದರೆ ಗೆರೆ ಪೂರ್ತಿ ಇದ್ದರೂ ಸಂಜೆ ಊರೆಲ್ಲ ಒಮ್ಮೆಗೇ ಫೋನ್ ಹಿಡಿಯುವ ಹೊತ್ತಿನಲ್ಲಿ ವೇಗ ಕುಸಿಯಬಹುದು. ಪರೀಕ್ಷೆಯನ್ನು ಸಂಜೆ ಏಳರಿಂದ ಒಂಬತ್ತರ ನಡುವೆಯೇ ಮಾಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಒಳಕೋಣೆಯಲ್ಲಿ ಚಿತ್ರ ನಿಂತು ನಿಂತು ಬರುತ್ತಿತ್ತು, ಪಡಸಾಲೆಯಲ್ಲಿ ತಲೆಬಾಗಿಲಿನಿಂದ ಆರು ಅಡಿ ಒಳಗೆ ಸರಾಗವಾಗಿ ಬಂದಿತು. ಜಾಗ ಅಲ್ಲಿಗೆ ನಿರ್ಧಾರವಾಯಿತು.

ಬೆಳಕಿನ ವಿಷಯದಲ್ಲಿ ನಿಯಮ ಸರಳವಾದದ್ದು: ಬೆಳಕು ಮುಖಕ್ಕೆ ಎದುರಾಗಿ ಬೀಳಬೇಕು, ಬೆನ್ನಿಗೆ ಬೀಳಬಾರದು. ತೆರೆದ ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಆಚೆ ಕಡೆಯವರಿಗೆ ಕಪ್ಪು ಆಕೃತಿಯೊಂದೇ ಕಾಣುತ್ತದೆ. ಬೆಳಕಿಂಡಿಯ ನೇರ ಕೆಳಗೆ ಕುಳಿತರೆ ಹಣೆ ಬೆಳಗಿ, ಕಣ್ಣುಗಳು ಹುಬ್ಬಿನ ನೆರಳಿನಲ್ಲಿ ಮುಚ್ಚಿಹೋಗುತ್ತವೆ. ಅದರಿಂದ ಎರಡು ಅಡಿ ಹಿಂದೆ ಸರಿದು, ಬೆಳಕಿನ ಕಂಬ ತಮ್ಮ ಮುಂದೆ ಬೀಳುವಂತೆ ಕುಳಿತರೆ ಮುಖ ಚೆನ್ನಾಗಿ ಕಾಣುತ್ತದೆ. ರಾತ್ರಿಗೆ ಟ್ಯಾಬ್‌ನ ಹಿಂದಿನ ಗೋಡೆಯ ಮೇಲೆ ಒಂದು ಎಲ್‌ಇಡಿ ಬಲ್ಬ್ ಹಾಕಿಸಿದರೆ ಸಾಕಾಗುತ್ತದೆ.

ಈಗ ಪೀಠದ ಮಾತು. ಟ್ಯಾಬ್ ಅನ್ನು ಕೈಯಲ್ಲಿ ಹಿಡಿದು ಮಾತನಾಡುವುದು ವಯಸ್ಸಾದವರಿಗೆ ಆಗದ ಕೆಲಸ. ಹತ್ತು ಇಂಚಿನ ಟ್ಯಾಬ್ ಸುಮಾರು ಅರ್ಧ ಕಿಲೊ ತೂಗುತ್ತದೆ, ಐದು ನಿಮಿಷದಲ್ಲಿ ಮಣಿಕಟ್ಟು ಸೋಲುತ್ತದೆ, ಆಮೇಲೆ ಆಚೆ ಕಡೆಯವರಿಗೆ ಮಾಳಿಗೆಯ ತೊಲೆಗಳು ಕಾಣತೊಡಗುತ್ತವೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಟ್ಯಾಂಡ್ ತಂದಿದ್ದೆ. ಅವ್ವನಿಗೆ ಅದು ಹಿಡಿಸಲಿಲ್ಲ, ಬೆರಳು ತಾಗಿಸಿದರೆ ಹಿಂದಕ್ಕೆ ಬೀಳುತ್ತಿತ್ತು. ಆಗ ಅವರೇ ಅಟ್ಟದಿಂದ ಅಜ್ಜನ ಕಾಲದ ವ್ಯಾಸಪೀಠವನ್ನು ಇಳಿಸಿ ಕೊಟ್ಟರು. ಶ್ರಾವಣದಲ್ಲಿ ಪುರಾಣ ಓದುವಾಗ ಪುಸ್ತಕ ಇಡುತ್ತಿದ್ದ, ಕತ್ತರಿಯಂತೆ ಬಿಚ್ಚಿಕೊಳ್ಳುವ ಆ ಮರದ ಪೀಠದ ಒಂದು ರೆಕ್ಕೆಗೆ ಟ್ಯಾಬ್ ಅನ್ನು ಒರಗಿಸಿದರೆ ಅದು ಅಲುಗಾಡುವುದೇ ಇಲ್ಲ. ಒಂದೇ ಕೊರತೆಯೆಂದರೆ ನೆಲದ ಮೇಲಿಟ್ಟ ಪೀಠ ತೀರ ತಗ್ಗಿನಲ್ಲಿರುತ್ತದೆ, ಕ್ಯಾಮೆರಾ ಗದ್ದದ ಕೆಳಗಿನಿಂದ ನೋಡುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕು. ಅವ್ವ ಚಾಪೆಯ ಮೇಲೆ ಕುಳಿತುಕೊಳ್ಳುವವರಾದ್ದರಿಂದ ಪೀಠದ ಕೆಳಗೆ ಕಬ್ಬಿಣದ ಟ್ರಂಕನ್ನು ಇಟ್ಟೆವು, ಎತ್ತರ ಸರಿಹೋಯಿತು. ಮುಖದಿಂದ ಟ್ಯಾಬ್‌ಗೆ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ದೂರವಿದ್ದರೆ ಮುಖವೂ ಹೆಗಲೂ ಚೌಕಟ್ಟಿನಲ್ಲಿ ಕೂರುತ್ತವೆ, ಬೆರಳೂ ಪರದೆಗೆ ಎಟಕುತ್ತದೆ.

ಟ್ಯಾಬ್ ಅನ್ನು ಅಡ್ಡವಾಗಿ ಇಡುವುದೇ ಮೇಲು. ನೆಟ್ಟಗೆ ಇಟ್ಟರೆ ಅನೇಕ ಟ್ಯಾಬ್‌ಗಳಲ್ಲಿ ಧ್ವನಿಯ ರಂಧ್ರಗಳು ಕೆಳಗಿನ ಅಂಚಿಗೆ ಬಂದು ಪೀಠದ ತುಟಿಯಲ್ಲಿ ಮುಚ್ಚಿಹೋಗುತ್ತವೆ, ಚಾರ್ಜರ್‌ನ ಸೂಜಿಯೂ ಬಾಗುತ್ತದೆ. ಅಡ್ಡವಿಟ್ಟು, ಪರದೆ ತಿರುಗದಂತೆ ಆಟೊ ರೊಟೇಟ್ ಅನ್ನು ಆಫ್ ಮಾಡಿಬಿಡಬೇಕು. ಮುಂದಿನ ಕ್ಯಾಮೆರಾ ಎಲ್ಲಿದೆಯೆಂದು ಹುಡುಕಿ ಅದರ ಪಕ್ಕದಲ್ಲಿ ಒಂದು ಸಣ್ಣ ಕುಂಕುಮದಂಥ ಕೆಂಪು ಸ್ಟಿಕರ್ ಅಂಟಿಸಿದರೆ, ಎಲ್ಲಿಗೆ ನೋಡಿ ಮಾತನಾಡಬೇಕು ಎಂಬುದು ಹೇಳದೆಯೇ ತಿಳಿಯುತ್ತದೆ.

ಸಂಖ್ಯೆ, ಸಿಮ್ ಮತ್ತು ವಾಟ್ಸಾಪ್

ಕೊಳ್ಳುವಾಗಲೇ ಸಿಮ್ ಹಾಕಬಹುದಾದ ಟ್ಯಾಬ್ ಕೊಳ್ಳುವುದು ಹಳ್ಳಿಯ ಮನೆಗೆ ಸೂಕ್ತವೆಂಬುದು ನನ್ನ ದೃಢ ಅಭಿಪ್ರಾಯ. ಬರೀ ವೈಫೈ ಟ್ಯಾಬ್ ಅಗ್ಗವಾಗುತ್ತದೆ, ಆದರೆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ಯಾರದೋ ಫೋನಿನ ಹಾಟ್‌ಸ್ಪಾಟ್‌ಗೆ ಕಾಯುವಂತಾಗುತ್ತದೆ. ಬ್ರಾಡ್‌ಬ್ಯಾಂಡ್ ಇದ್ದ ಮನೆಯಲ್ಲಿಯೂ ವಿದ್ಯುತ್ ಹೋದ ಕ್ಷಣ ರೂಟರ್ ಆರುತ್ತದೆ. ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಹಾಕಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಕೊಳ್ಳುವ ಮೊದಲು ರೂಟರ್‌ನ ಅಡಾಪ್ಟರ್ ಮೇಲೆ 9 ವೋಲ್ಟ್ ಎಂದಿದೆಯೋ 12 ವೋಲ್ಟ್ ಎಂದಿದೆಯೋ ಎಂದು ಓದಿಕೊಳ್ಳಬೇಕು.

ವಾಟ್ಸಾಪ್ ತೆರೆಯಲು ಎರಡು ದಾರಿಗಳಿವೆ. ಟ್ಯಾಬ್‌ನಲ್ಲಿರುವ ಸಿಮ್‌ನ ಸಂಖ್ಯೆಯಲ್ಲೇ ಹೊಸ ಖಾತೆ ತೆರೆಯುವುದು ಒಂದು. ಹಿರಿಯರ ಬಳಿ ಈಗಾಗಲೇ ಸ್ಮಾರ್ಟ್‌ಫೋನ್ ಇದ್ದರೆ ಆ ಖಾತೆಯನ್ನೇ ಟ್ಯಾಬ್‌ಗೆ ಜೋಡಿಸುವುದು ಇನ್ನೊಂದು. ಜೋಡಿಸಲು ಟ್ಯಾಬ್‌ನಲ್ಲಿ ವಾಟ್ಸಾಪ್ ಹಾಕಿ ತೆರೆದಾಗ ಚೌಕಾಕಾರದ ಕ್ಯೂಆರ್ ಕೋಡ್ ಕಾಣಿಸುತ್ತದೆ, ಫೋನಿನ ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ಎಂಬಲ್ಲಿಗೆ ಹೋಗಿ ಅದನ್ನು ಸ್ಕ್ಯಾನ್ ಮಾಡಬೇಕು. ಒಂದು ಖಾತೆಗೆ ಹೀಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು. ಐಪ್ಯಾಡ್‌ಗಾಗಿ ವಾಟ್ಸಾಪ್ ಬಂದದ್ದು 2025ರ ಮೇ ತಿಂಗಳಿನಲ್ಲಿ, ಆದ್ದರಿಂದ 'ಐಪ್ಯಾಡ್‌ನಲ್ಲಿ ಆಗುವುದಿಲ್ಲ' ಎಂಬ ಹಳೆಯ ಸಲಹೆ ಈಗ ಸಲ್ಲುವುದಿಲ್ಲ. ಜೋಡಿಸಿದ ಮೇಲೆ ಫೋನ್ ಅನ್ನು ಮೂಲೆಗೆ ಎಸೆಯುವಂತಿಲ್ಲ. 14 ದಿನಗಳಿಗಿಂತ ಹೆಚ್ಚು ಕಾಲ ಫೋನಿನಲ್ಲಿ ವಾಟ್ಸಾಪ್ ಬಳಸದಿದ್ದರೆ ಟ್ಯಾಬ್‌ನ ಜೋಡಣೆ ತಾನಾಗಿ ಕಡಿದುಹೋಗುತ್ತದೆ.

ಯಾವ ದಾರಿಯಾದರೂ ಸರಿ, ಹಳೆಯ ಗುಂಡಿ ಫೋನ್ ಅನ್ನು ಮಾತ್ರ ತೆಗೆಯಬೇಡಿ. ಕೆಲವು ಟ್ಯಾಬ್‌ಗಳಿಂದ ಸಾಮಾನ್ಯ ಕರೆ ಹೋಗುವುದಿಲ್ಲ, ವಾಟ್ಸಾಪ್‌ನಿಂದ ತುರ್ತು ಸಹಾಯದ 112ಕ್ಕೆ ಕರೆ ಮಾಡಲು ಬರುವುದಿಲ್ಲ. ರಾತ್ರಿ ಎದೆ ನೋವು ಬಂದರೆ ಕೈಗೆ ಸಿಗಬೇಕಾದದ್ದು ಆ ಚಿಕ್ಕ ಫೋನೇ.

ಯುಎಇಯಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿಗೆ ಒಂದು ಮಾತು: ಅಲ್ಲಿ ವಾಟ್ಸಾಪ್ ಸಂದೇಶಗಳು ಹೋಗುತ್ತವೆ, ಕರೆಗಳಿಗೆ ನಿರ್ಬಂಧವಿದೆ. ಅಲ್ಲಿನವರು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸುತ್ತಾರೆ, ಅದನ್ನೇ ಇಲ್ಲಿಯೂ ಹಾಕಿಕೊಡಬೇಕಾಗುತ್ತದೆ.

ಪರದೆಯನ್ನು ಹಗುರ ಮಾಡುವುದು

ಹೊಸ ಟ್ಯಾಬ್‌ನ ಪರದೆಯ ಮೇಲೆ ಮೂವತ್ತು ನಲವತ್ತು ಚಿತ್ರಗಳಿರುತ್ತವೆ. ಅವುಗಳಲ್ಲಿ ಮೂರೋ ನಾಲ್ಕೋ ಉಳಿಸಿ ಮಿಕ್ಕವನ್ನು ಮುಖಪುಟದಿಂದ ತೆಗೆಯಬೇಕು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್‌ನ ಒಬ್ಬೊಬ್ಬರ ಸಂಭಾಷಣೆಯನ್ನು ತೆರೆದು ಮೂರು ಚುಕ್ಕೆಯ ಪಟ್ಟಿಯಲ್ಲಿ 'ಆ್ಯಡ್ ಶಾರ್ಟ್‌ಕಟ್' ಎಂಬುದನ್ನು ಒತ್ತಿದರೆ ಆ ವ್ಯಕ್ತಿಯ ಮುಖವೇ ಮುಖಪುಟದ ಮೇಲೆ ಬಂದು ಕೂರುತ್ತದೆ. ಅವ್ವನ ಟ್ಯಾಬ್‌ನಲ್ಲಿ ನಮ್ಮ ಮೂವರ ಮುಖಗಳಿವೆ, ನಾಲ್ಕನೆಯದು ಅವರ ತಂಗಿ, ಎಂದರೆ ಕಾರಟಗಿಯ ನಮ್ಮ ಚಿಕ್ಕಮ್ಮನ ಮುಖ. ಅಕ್ಷರ ಓದದಿದ್ದರೂ ಮುಖ ಗುರುತಿಸಲು ಯಾರೂ ಕಲಿಸಬೇಕಾಗಿಲ್ಲ. ಮುಖ ಒತ್ತಿದ ಮೇಲೆ ಮೇಲ್ಭಾಗದಲ್ಲಿ ಕಾಣುವ ಕ್ಯಾಮೆರಾ ಚಿಹ್ನೆ ಒತ್ತಬೇಕು, ಅಷ್ಟೇ.

ಅಕ್ಷರದ ಗಾತ್ರವನ್ನು ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ದೊಡ್ಡದು ಮಾಡಬಹುದು. ಇಡೀ ಟ್ಯಾಬ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು, ಅಥವಾ ವಾಟ್ಸಾಪ್ ಒಂದನ್ನೇ ಕನ್ನಡಕ್ಕೆ ತರಬಹುದು. ಓದು ಬಲ್ಲ ಹಿರಿಯರಿಗೆ ಕನ್ನಡ ಪರದೆ ದೊಡ್ಡ ಧೈರ್ಯ ಕೊಡುತ್ತದೆ. ಆದರೆ ದೂರದಲ್ಲಿ ಕುಳಿತು ಫೋನಿನಲ್ಲಿ ಮಾರ್ಗದರ್ಶನ ಮಾಡುವ ಮಕ್ಕಳು ತಮ್ಮ ಫೋನ್‌ಗಳನ್ನೂ ಒಂದು ದಿನ ಕನ್ನಡಕ್ಕೆ ಬದಲಿಸಿ ನೋಡಿಕೊಂಡಿರಬೇಕು, ಇಲ್ಲವಾದರೆ ಯಾವ ಗುಂಡಿಗೆ ಯಾವ ಹೆಸರಿದೆ ಎಂಬುದು ಇಬ್ಬರಿಗೂ ಗೊಂದಲವಾಗುತ್ತದೆ.

ಬೆರಳಿನ ವಿಷಯವನ್ನು ಯಾರೂ ಮುಂಚೆ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವ್ವನದು ಅರವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ. ಬೆರಳ ತುದಿ ಒರಟಾಗಿ, ಒಣಗಿದೆ. ಅವರು ಹಸಿರು ಗುಂಡಿಯನ್ನು ಮುಟ್ಟಿದರೆ ಟ್ಯಾಬ್ ಒಮ್ಮೊಮ್ಮೆ ಅದನ್ನು ಗ್ರಹಿಸುತ್ತಲೇ ಇರಲಿಲ್ಲ, ಆಗ ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಿದ್ದರು, ಹಾಗೆ ಒತ್ತಿ ಹಿಡಿದಾಗ ಚಿತ್ರಗಳು ಕಿತ್ತುಬಂದು ಜಾಗ ಬದಲಿಸುತ್ತಿದ್ದವು. ಮರುದಿನ ನಮ್ಮ ತಮ್ಮನ ಮುಖ ಮಾಯವಾಗಿರುತ್ತಿತ್ತು. ಈ ಪರದೆ ಒತ್ತಡವನ್ನು ಅಳೆಯುವುದಿಲ್ಲ, ಚರ್ಮದ ಮೂಲಕ ಆಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸುತ್ತದೆ. ಆದ್ದರಿಂದ ಒಣ ಬೆರಳಿಗಿಂತ ತುಸು ತೇವವಿರುವ ಬೆರಳು ಮೇಲು, ಹಿಟ್ಟಿನ ಕೈಯಂತೂ ಬೇಡವೇ ಬೇಡ. ಕೈ ತೊಳೆದು ಸೆರಗಿನಿಂದ ಒರೆಸಿಕೊಂಡು ಕೂಡಲೇ ಮುಟ್ಟಿದರೆ ಸರಿಯಾಗಿ ಗ್ರಹಿಸುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಎಂಬುದನ್ನು 'ಲಾಂಗ್' ಎಂದು ಮಾಡಿದರೆ ಸ್ವಲ್ಪ ಹೊತ್ತು ಒತ್ತಿದರೂ ಟ್ಯಾಬ್ ಅದನ್ನು ಸಾಮಾನ್ಯ ಸ್ಪರ್ಶವೆಂದೇ ತಿಳಿಯುತ್ತದೆ. ಮುಖಪುಟದ ಸೆಟ್ಟಿಂಗ್ಸ್‌ನಲ್ಲಿ ವಿನ್ಯಾಸಕ್ಕೆ ಬೀಗ ಹಾಕುವ ಆಯ್ಕೆ ಇದ್ದರೆ ಅದನ್ನೂ ಹಾಕಿಬಿಡಬೇಕು. ಈ ಎರಡನ್ನು ಮಾಡಿದ ಮೇಲೆ ನಮ್ಮ ಮನೆಯ ಅರ್ಧ ತೊಂದರೆ ನಿಂತಿತು.

ಕಲಿಸುವ ಕ್ರಮ

ಮೊದಲ ವಾರ ಕರೆ ಸ್ವೀಕರಿಸುವುದನ್ನು ಮಾತ್ರ ಕಲಿಸಿ. ಕರೆ ಬಂದಾಗ ಟ್ಯಾಬ್‌ನ ಪರದೆ ಆರಿದ್ದರೆ ಇಡೀ ಪರದೆಯ ಮೇಲೆ ಗುಂಡಿ ಕಾಣುತ್ತದೆ, ಟ್ಯಾಬ್ ಬಳಕೆಯಲ್ಲಿದ್ದರೆ ಮೇಲಿನ ಅಂಚಿನಲ್ಲಿ ಒಂದು ಸಣ್ಣ ಪಟ್ಟಿಯಷ್ಟೇ ಇಳಿಯುತ್ತದೆ. ಒಂದನ್ನು ಕಲಿತವರಿಗೆ ಇನ್ನೊಂದು ಬಂದಾಗ ಕೈಕಾಲು ಆಡುವುದಿಲ್ಲ, ಆದ್ದರಿಂದ ಎರಡನ್ನೂ ಹತ್ತು ಹತ್ತು ಸಲ ಮಾಡಿಸಬೇಕು. ಮಾಡಿಸುವಾಗ ನೀವು ಪಕ್ಕದ ಕೋಣೆಯಿಂದ ಕರೆ ಮಾಡಿ, ಒಂದೇ ಕೋಣೆಯಲ್ಲಿ ಎರಡು ಸಾಧನಗಳಿದ್ದರೆ ಧ್ವನಿ ಪ್ರತಿಧ್ವನಿಸಿ ಕಿರುಚುತ್ತದೆ. ಇನ್ನೊಂದು ಮುಖ್ಯ ಮಾತು: ಅವರು ತಡವರಿಸಿದಾಗ ಟ್ಯಾಬ್ ಅನ್ನು ಕೈಯಿಂದ ಕಸಿದುಕೊಂಡು ನೀವೇ ಒತ್ತಬಾರದು. ನನ್ನ ತಮ್ಮ ಹಾಗೆ ಮಾಡಿದ ದಿನ ಅವ್ವ ಎದ್ದು ಒಳಗೆ ಹೋದವರು ಎರಡು ದಿನ ಅದರ ಹತ್ತಿರ ಬರಲಿಲ್ಲ.

ಎರಡನೆಯ ವಾರ ಮುಖ ಒತ್ತಿ ಕರೆ ಮಾಡುವುದು. ಮೂರನೆಯ ವಾರ ಧ್ವನಿ ಸಂದೇಶ. ಮೈಕ್ ಚಿಹ್ನೆ ಒತ್ತಿ ಹಿಡಿದು ಮಾತನಾಡಿ ಬಿಟ್ಟರೆ ಸಂದೇಶ ಹೋಗುತ್ತದೆ, ಬೆರಳನ್ನು ಮೇಲಕ್ಕೆ ಜಾರಿಸಿದರೆ ಹಿಡಿಯದೆಯೇ ಉದ್ದಕ್ಕೂ ಮಾತನಾಡಬಹುದು. ದಿನನಿತ್ಯದ ಮಾತುಕತೆಗೆ ವಿಡಿಯೊ ಕರೆಗಿಂತಲೂ ಇದೇ ಹೆಚ್ಚು ಒದಗುತ್ತದೆ. ಕಾಲುವೆಗೆ ನೀರು ಬಿಟ್ಟ ಸುದ್ದಿ, ನಾಟಿಯ ಆಳುಗಳು ಬಂದ ಸುದ್ದಿ, ಎಮ್ಮೆ ಈದ ಸುದ್ದಿ ಎಲ್ಲವೂ ನಮಗೆ ಈಗ ಅವ್ವನ ದನಿಯಲ್ಲೇ ಬರುತ್ತವೆ, ನಾವು ಕೆಲಸ ಮುಗಿಸಿ ಕೇಳಿಕೊಳ್ಳುತ್ತೇವೆ.

ಬರೆಯಬಲ್ಲವರು ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿಕೊಂಡರೆ ಬೆರಳಿನಿಂದ ಪರದೆಯ ಮೇಲೆ ಬರೆಯಬಹುದು, ಮೈಕ್ ಒತ್ತಿ ಹೇಳಿ ಬರೆಸಲೂಬಹುದು. ನಮ್ಮ ಕಡೆಯ ಮಾತಿನ ಧಾಟಿಯನ್ನು ಅದು ಕೆಲವೊಮ್ಮೆ ತಪ್ಪಾಗಿ ಹಿಡಿಯುತ್ತದೆ, ಕಳುಹಿಸುವ ಮೊದಲು ಒಮ್ಮೆ ಓದಿಕೊಳ್ಳಬೇಕು.

ಕಿವಿ ಮಂದವಾಗಿರುವವರಿಗೆ ಒಂದು ಉಪಾಯವಿದೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪ್ ಎದುರಿಗೆ ಕುಳಿತವರ ಕನ್ನಡ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ಬರೆದು ತೋರಿಸುತ್ತದೆ. ಹತ್ತು ಇಂಚಿನ ಪರದೆಯ ಬೆಲೆ ತಿಳಿಯುವುದು ಇಲ್ಲಿ. ಸನ್ನೆ ಭಾಷೆ ಬಳಸುವ ಕಿವುಡರಿಗಂತೂ ವಿಡಿಯೊ ಕರೆಯೇ ದೂರವಾಣಿ. ಅವರು ಟ್ಯಾಬ್ ಅನ್ನು ಇನ್ನೊಂದು ಮೊಳ ಹಿಂದಿಟ್ಟು, ಸೊಂಟದಿಂದ ತಲೆಯವರೆಗೆ ಚೌಕಟ್ಟಿಗೆ ಬರುವಂತೆ, ಖಾಲಿ ಗೋಡೆಯ ಮುಂದೆ ಕುಳಿತುಕೊಳ್ಳಬೇಕು. ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆಯನ್ನು ಅವರು ಆಫ್ ಮಾಡಿಯೇ ಇಡಬೇಕು, ಅದು ಚಿತ್ರವನ್ನು ಮಸುಕುಗೊಳಿಸಿ ಬೆರಳುಗಳ ಚಲನೆಯನ್ನು ನುಂಗಿಬಿಡುತ್ತದೆ. ಮಾತನಾಡುವವರಿಗೆ, ಸಿಗ್ನಲ್ ದುರ್ಬಲವಾಗಿರುವ ಊರಿನಲ್ಲಿ, ಅದೇ ಆಯ್ಕೆ ಉಪಕಾರಿ.

ಹೊತ್ತು

ಕರೆಗೆ ಒಂದು ನಿಗದಿತ ಹೊತ್ತು ಇರಲಿ. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಏಳೂವರೆ. ಅಮೆರಿಕದ ಪೂರ್ವ ಭಾಗದಲ್ಲಿ ಆಗ ಬೇಸಿಗೆಯ ತಿಂಗಳುಗಳಲ್ಲಿ ಬೆಳಿಗ್ಗೆ ಹತ್ತು, ಚಳಿಗಾಲದಲ್ಲಿ ಒಂಬತ್ತು. ಅಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಬದಲಿಸುವುದರಿಂದ, ಆ ವಾರ ಮಗಳು ಏಕೆ ಬರಲಿಲ್ಲವೆಂದು ಇಲ್ಲಿ ಕಾಯುವಂತಾಗದಂತೆ ಮುಂಚೆಯೇ ಹೇಳಿಡಬೇಕು. ಕುಟುಂಬವೆಲ್ಲ ಸೇರುವುದಾದರೆ ವಾಟ್ಸಾಪ್‌ನಲ್ಲಿ ಒಮ್ಮೆಗೆ 32 ಜನರವರೆಗೆ ಕೂಡಬಹುದು. ಝೂಮ್‌ನ ಉಚಿತ ಕರೆ 40 ನಿಮಿಷಕ್ಕೆ, ಗೂಗಲ್ ಮೀಟ್‌ನಲ್ಲಿ ಮೂವರಿಗಿಂತ ಕಡಿಮೆಯಿಲ್ಲದ ಉಚಿತ ಕರೆ 60 ನಿಮಿಷಕ್ಕೆ ನಿಲ್ಲುತ್ತದೆ.

ನಿಗದಿತ ಹೊತ್ತಲ್ಲದೆ ವಿಡಿಯೊ ಕರೆ ಮಾಡಬೇಕಾದರೆ ಮೊದಲು ಧ್ವನಿ ಕರೆ ಮಾಡಿ ಕೇಳುವುದು ಮರ್ಯಾದೆ. ತಲೆ ಬಾಚಿರದ, ಸೆರಗು ಸರಿಪಡಿಸಿಕೊಳ್ಳದ ಹೊತ್ತಿನಲ್ಲಿ ಅಳಿಯನ ಮುಖ ಪರದೆಯ ಮೇಲೆ ಮೂಡಿದರೆ ಹಿರಿಯ ಹೆಣ್ಣುಮಗಳಿಗೆ ಆಗುವ ಸಂಕೋಚವನ್ನು ನಾವು ಹಗುರವಾಗಿ ಕಾಣಬಾರದು.

ಮಾತ್ರೆಯ ಪಟ್ಟಿ ತೋರಿಸಲು, ಊದಿದ ಪಾದ ತೋರಿಸಲು ಕರೆಯ ನಡುವೆ ಕ್ಯಾಮೆರಾ ತಿರುಗಿಸುವ ಚಿಹ್ನೆಯನ್ನು ಒತ್ತಿ ಹಿಂಭಾಗದ ಕ್ಯಾಮೆರಾ ಬಳಸಲು ಕಲಿಸಿ. ನಾವು ಅವ್ವನ ಬಿಪಿ ಮಾತ್ರೆಯ ಹೆಸರನ್ನು ಹೀಗೆಯೇ ಓದಿಕೊಳ್ಳುತ್ತೇವೆ.

ಬೇಸಿಗೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಟ್ಯಾಬ್ ತಯಾರಕರು ಸಾಮಾನ್ಯವಾಗಿ ಹೇಳುವ ಬಳಕೆಯ ಮಿತಿ 35 ಡಿಗ್ರಿ ಸೆಲ್ಸಿಯಸ್. ವಿಡಿಯೊ ಕರೆಯಲ್ಲಿ ಕ್ಯಾಮೆರಾ, ಪರದೆ, ಇಂಟರ್ನೆಟ್ ಮೂರೂ ಒಟ್ಟಿಗೆ ದುಡಿಯುವುದರಿಂದ ಒಳಗೂ ಬಿಸಿ ಏರುತ್ತದೆ, ಪರದೆ ತಾನಾಗಿ ಮಂಕಾಗುತ್ತದೆ, ಕೊನೆಗೆ ಆರಿಯೂ ಹೋಗಬಹುದು. ಮಧ್ಯಾಹ್ನದ ಕರೆಗಳನ್ನು ಆ ಎರಡು ತಿಂಗಳು ಬಿಟ್ಟುಬಿಡಿ. ಚಾರ್ಜಿಗೆ ಹಾಕಿಕೊಂಡೇ ಮಾತನಾಡಬೇಡಿ, ಹಾಸಿಗೆ ಕೌದಿಗಳ ಮೇಲೆ ಇಡಬೇಡಿ, ದಪ್ಪ ರಟ್ಟಿನ ಕವರ್ ಇದ್ದರೆ ತೆಗೆಯಿರಿ. ಕಾದ ಟ್ಯಾಬ್ ಅನ್ನು ಫ್ರಿಜ್‌ನಲ್ಲಿ ಇಟ್ಟರೆ ಒಳಗೆ ನೀರಿನ ಹನಿ ಕಟ್ಟಿ ಕೆಡುತ್ತದೆ, ನೆರಳಿನಲ್ಲಿ ಫ್ಯಾನ್ ಕೆಳಗೆ ಬಿಟ್ಟರೆ ಸಾಕು. ಕೂಲರ್ ಹಾಕಿಕೊಂಡು ಮಾತನಾಡಿದರೆ ಆಚೆಯವರಿಗೆ ಕೂಲರ್ ಸದ್ದೇ ಕೇಳುತ್ತದೆ, ಕರೆ ಮುಗಿಯುವವರೆಗೆ ಆರಿಸಬೇಕು.

ಅಪರಿಚಿತ ಕರೆಗಳು

ವಾಟ್ಸಾಪ್‌ನ ಪ್ರೈವಸಿ ವಿಭಾಗದಲ್ಲಿ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಎಂಬುದನ್ನು ಹಾಕಿದರೆ ಹೆಸರು ಉಳಿಸಿಕೊಳ್ಳದ ಸಂಖ್ಯೆಗಳ ಕರೆಗಳು ಸದ್ದು ಮಾಡುವುದಿಲ್ಲ. ಟ್ಯಾಬ್ ಕೊಡುವ ದಿನವೇ ಇದನ್ನು ಹಾಕಿ, ಗುಂಪುಗಳಿಗೆ ಪರಿಚಿತರು ಮಾತ್ರ ಸೇರಿಸುವಂತೆ ಮಾಡಿ, ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟು ಅದನ್ನು ನಿಮ್ಮ ಬಳಿ ಬರೆದುಕೊಳ್ಳಿ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನು ಆ ಟ್ಯಾಬ್‌ನಲ್ಲಿ ಹಾಕದಿರುವುದೇ ಕ್ಷೇಮ.

ಪೊಲೀಸ್ ಸಮವಸ್ತ್ರ ತೊಟ್ಟವರು ವಿಡಿಯೊ ಕರೆಯಲ್ಲಿ ಬಂದು 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ' ಎಂದು ಹೆದರಿಸಿ ಹಣ ಕೀಳುವ ವಂಚನೆ ದೇಶದೆಲ್ಲೆಡೆ ನಡೆದಿದೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಿರಿಯರಿಗೆ ಈ ಮಾತನ್ನು ಭಯ ಹುಟ್ಟಿಸುವಂತೆ ಹೇಳದೆ, ಹೀಗೆ ಹೇಳಬೇಕು: ಪರದೆಯ ಮೇಲೆ ಯಾರೇ ಬಂದು ರೊಕ್ಕ ಕೇಳಿದರೂ, ಒಟಿಪಿ ಕೇಳಿದರೂ, 'ಸ್ಕ್ರೀನ್ ಶೇರ್' ಒತ್ತಿ ಎಂದರೂ ಕೆಂಪು ಗುಂಡಿ ಒತ್ತಿ ಕರೆ ಕಡಿಯಿರಿ, ಆಮೇಲೆ ಗುಂಡಿ ಫೋನಿನಿಂದ ನಮಗೆ ಹೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಎಷ್ಟು ಬೇಗ ತಿಳಿಸುತ್ತೇವೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಪೀಠದ ಮೇಲಿನ ಗೋಡೆಯಲ್ಲಿ ಹಿಂದೆ ಚಿಮಣಿ ಇಡುತ್ತಿದ್ದ ಒಂದು ಗೂಡು ಇದೆ. ಅದರಲ್ಲಿ ಈಗ ಚಾರ್ಜರ್, ಪರದೆ ಮತ್ತು ಕ್ಯಾಮೆರಾದ ಗಾಜು ಒರೆಸಲು ಒಂದು ಹತ್ತಿ ಬಟ್ಟೆ, ದಪ್ಪ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆದ ರಟ್ಟು ಇವೆ: 112, 1930, ನನ್ನ ಸಂಖ್ಯೆ, ಪಕ್ಕದ ಮನೆಯ ಹುಡುಗನ ಸಂಖ್ಯೆ. ಎರಡು ವಾರಕ್ಕೊಮ್ಮೆ ಆ ಹುಡುಗ ಬಂದು ಗುಂಪುಗಳಿಂದ ತುಂಬಿಕೊಂಡ ಶುಭೋದಯದ ಚಿತ್ರಗಳನ್ನು ಅಳಿಸಿ, ಅಪ್‌ಡೇಟ್ ಹಾಕಿ, ನನಗೊಂದು ಪರೀಕ್ಷಾ ಕರೆ ಮಾಡಿ ಹೋಗುತ್ತಾನೆ.